ಕಡ್ಡಿಗೊಂದು ರಜಾಚೀಟಿ

ಹಳೆಯ ಗೆರೆ ಹೋಗುವುದಿಲ್ಲ, ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದರೂ ಹೋಗುವುದಿಲ್ಲ, ಹೊಸ ಮಡಿಕೆಯ ಪಕ್ಕದಲ್ಲೇ ಮಾಸಲಾಗಿ ಕೂತಿರುತ್ತದೆ, ಮೊಮ್ಮಗಳ ಶಾಲೆಯ ಈ ನೀಲಿ ಸ್ಕರ್ಟು, ಹೋದ ವರ್ಷ ಅಂಚು ಬಿಚ್ಚಿ ಉದ್ದ ಮಾಡಿದ್ದು — ಕಾಲು ಬೆಳೀತಾವೆ, ಓದೊಂದು ಬೆಳೆಯಲ್ಲ, ಎಂದು ಮಗಳು ನಕ್ಕಿದ್ದಳು, ನಕ್ಕು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು, ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು, ನನಗೆ ಕೇಳಿಸಿತು, ಕೇಳಿಸಲಿಲ್ಲ ಎಂಬಂತೆ ಪಾತ್ರೆ ತೊಳೆದೆ. ಕಡ್ಡಿ, ಏಳೇ, ಹೊತ್ತಾಯ್ತು. ಕೈಕಾಲೆಲ್ಲ ಕಡ್ಡಿ, ಹೆಸರೂ ಕಡ್ಡಿ, ಹತ್ತು ತುಂಬಿದೆ, ಇನ್ನೂ ತನ್ನ ಹೆಸರು ಬರೆಯಲು ನಾಲಿಗೆ ಹೊರಗೆ ಬರಬೇಕು. ಬಿಸಿ ಬಟ್ಟೆಯ ಈ ವಾಸನೆ, ತರಬೇತಿ ಕೇಂದ್ರದ ಕೋಣೆಯಲ್ಲೂ ಇಂಥದೇ ವಾಸನೆ, ಕಂಪ್ಯೂಟರುಗಳು ಕಾದ ವಾಸನೆ, ಕಲಿಯಲು ಕಷ್ಟಪಡುವ ಮಕ್ಕಳೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಾಲಾಗಿ, ಅದಕ್ಕೇ ನಮ್ಮ ಮನೆಯಲ್ಲಿ ಆ ಮೇಡಂ ಹೆಸರು ಹೆಡ್‌ಫೋನ್ ಮೇಡಂ, ಒಳ್ಳೆಯವರು, ಮೊದಲ ದಿನ ನನ್ನ ಕೈ ಹಿಡಿದು ಹೇಳಿದ್ದರು, ಮೆದುಳು ಕಲ್ಲಲ್ಲಮ್ಮ, ಪ್ಲಾಸ್ಟಿಸಿಟಿ ಅಂತ ಒಂದಿದೆ, ಅಭ್ಯಾಸ ಮಾಡಿಸ್ತಾ ಹೋದ್ರೆ ತನಗೆ ತಾನೇ ಹೊಸ ದಾರಿ ಮಾಡ್ಕೊಳ್ಳುತ್ತೆ — ನಾನು ಪ್ಲಾಸ್ಟಿಕ್ಕು ಎಂದು ಕೇಳಿಸಿಕೊಂಡೆ, ನಮ್ಮ ಬಚ್ಚಲ ಬಕೆಟ್ಟು ಸೀಳು ಬಿಟ್ಟಿದೆಯಲ್ಲ, ಹಾಗಾ ಮೇಡಂ? ಅಯ್ಯೋ ಅದಲ್ಲಮ್ಮ, ಬಗ್ಗುತ್ತೆ, ಬದಲಾಗುತ್ತೆ ಅಂತ, ನಿಮ್ಮನ್ನೇ ನೋಡಿ, ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಓದೋಕೆ ಕಲಿತಿದ್ದೀರಿ, ನಿಮ್ಮ ತಲೆಯಲ್ಲೂ ಹೊಸ ದಾರಿ ಬಿದ್ದಿದೆ, ಇವಳಿನ್ನೂ ಎಳೇ ಮಗು. ಆ ದಿನ ಬಸ್ಸಿನಲ್ಲಿ ನನ್ನ ತಲೆಯನ್ನು ನಾನೇ ಮುಟ್ಟಿ ನೋಡಿಕೊಂಡೆ, ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದೆ, ಔಷಧಿ ಅಂಗಡಿ, ಬೀಗ ರಿಪೇರಿ, ಕಡ್ಡಿ ನನ್ನ ತೋಳು ಜಗ್ಗಿದಳು, ಅವ್ವಾ, ಎಲ್ಲರೂ ನೋಡ್ತಿದ್ದಾರೆ, ಸುಮ್ನಿರು.

ವಕ್ಕೆ ಬಾಲ ಬಂದರೆ ಮ, ಅಷ್ಟೇ, ನನಗೂ ಮೊದಮೊದಲು ಆ ಬಾಲ ಕಾಣುತ್ತಿರಲಿಲ್ಲ, ಒಂದು ದಿನ ಕಂಡಿತು, ಕಂಡ ಮೇಲೆ ಮತ್ತೆ ಕಾಣದೇ ಹೋಗಲಿಲ್ಲ, ಕಡ್ಡಿಗೂ ಹಾಗೇ ಆಗುತ್ತದೆ ಎಂದುಕೊಂಡೆ. ಹೆಡ್‌ಫೋನಿನಲ್ಲಿ ಮ್‌ಮ್‌ಮ್ ಎಂದು ಎಳೆದೆಳೆದು ಹೇಳುತ್ತದೆ, ಸರಿಯಾದ ಅಕ್ಷರ ಮುಟ್ಟಿದರೆ ತೆರೆಯ ಮೇಲೆ ಮೀನು ಈಜುತ್ತದೆ, ತಪ್ಪಾದರೆ ಮೀನು ಸುಮ್ಮನೆ ನೋಡುತ್ತದೆ. ಮನೆಯಲ್ಲಿ ಮರಳಿನ ತಟ್ಟೆ, ಬೆನ್ನ ಮೇಲೆ ನನ್ನ ಬೆರಳು, ಇದ್ಯಾವ ಅಕ್ಷರ ಹೇಳು, ಕಚಗುಳಿ ಆಗುತ್ತೆ ಅವ್ವ, ಮೊದಲು ಹೇಳೇ ಕೋತಿ. ಶಾಲೆಯಲ್ಲಿ ‘ನನ್ನ ಅಮ್ಮ’ ಬರೆಯಲು ಹೇಳಿದರೆ ‘ನನ್ನ ಅವ್ವ’ ಎಂದು ಬರೆದು ತಂದಳು, ಕೆಳಗೆ ಬರೆದದ್ದೆಲ್ಲ ತಾಯಿಯ ವಿಷಯ, ಆಸ್ಪತ್ರೆಯ ಲಾಂಡ್ರಿ ಕೆಲಸ, ಕೈಗೆ ಸೋಪಿನ ವಾಸನೆ, ಅವ್ವ ಎಂಬ ಹೆಸರು ಮಾತ್ರ ನನ್ನದು, ಮಗಳು ಹಾಳೆ ತಿರುಗಿಸಿ ತಿರುಗಿಸಿ ನೋಡಿ, ಹೆತ್ತವಳು ನಾನು, ಎರಡು ಬಾಲ ಸಿಗದೆ ನನ್ನ ಪಟ್ಟ ನಿನಗೆ ಹೋಯ್ತಲ್ಲಮ್ಮ, ಎಂದಳು. ಎರಡನೇ ಸುತ್ತಿನ ತರಬೇತಿ ಮುಗಿಯುವ ಹೊತ್ತಿಗೆ ಒಂದು ಸಂಜೆ, ಅಯ್ಯೋ ಆ ಸಂಜೆ, ಕಡ್ಡಿ ಒಂದು ಪುಟ ಓದುತ್ತಿದ್ದಾಳೆ, ಮರ, ವನ, ಮಳೆ, ಒಂದೂ ತಪ್ಪಿಲ್ಲ, ಮಗಳು ಬರಲಿ, ಬಾಗಿಲಲ್ಲೇ ಹೇಳುತ್ತೇನೆ, ಗಾಳಿಗೆ ಕಿಟಕಿ ಬಡಿಯಿತೆಂದು ಎದ್ದು ಹಾಕಲು ಹೋದೆ, ಓದು ನಿಂತಿತು. ಓದೇ, ಕೇಳಿಸ್ಕೋತಾ ಇದ್ದೀನಿ. ಅವ್ವಾ, ಈ ಕಡೆ ತಿರುಗು. ಯಾಕೆ? ನೀನು ತಿರುಗಿದ್ರೆ ಬರುತ್ತೆ. ಅಂದರೆ? ಅಂದರೆ ಎಂದು ಅವಳು ಏನೂ ಮುಚ್ಚಿಡದೆ, ಆಟದ ಗುಟ್ಟು ಹೇಳುವವರ ಹಾಗೆ ಹೇಳಿದಳು, ತಪ್ಪಾದ್ರೆ ನಿನ್ನ ಗದ್ದ ಇಳಿಯುತ್ತೆ, ಅಮ್ಮಂಗಾದ್ರೆ ಹುಬ್ಬು, ಮೇಡಂ ನಗ್ತಾನೇ ಇರ್ತಾರೆ, ಆದ್ರೆ ಪೆನ್ನು ಅಲ್ಲಾಡೋದು ನಿಲ್ಲುತ್ತೆ. ಮೊದಲು ಮ ಅಂತ ಬಾಯಿ ಮಾಡ್ತೀನಿ, ನಿನ್ನ ಗದ್ದ ನೋಡ್ತೀನಿ, ಆಮೇಲೆ ಹೇಳ್ತೀನಿ. ಪುಸ್ತಕ ಮಡಿಲಲ್ಲಿತ್ತು, ಬೆರಳು ಸಾಲಿನ ಕೆಳಗೇ ಇತ್ತು, ಆ ಎರಡು ಕಣ್ಣು ಮಾತ್ರ ಪುಟದ ಮೇಲಿರಲಿಲ್ಲ, ನನ್ನ ಗದ್ದದ ಮೇಲಿದ್ದವು, ಎಷ್ಟು ದಿನದಿಂದ ಇದ್ದವೋ. ದಾರಿ ಬಿದ್ದಿತ್ತು, ಮೇಡಂ ಹೇಳಿದ್ದು ಸುಳ್ಳಲ್ಲ, ಏನನ್ನು ದಿನಾ ಮಾಡಿಸುತ್ತೇವೋ ಅದಕ್ಕೇ ದಾರಿ ಬೀಳುತ್ತದೆ, ನಾವು ದಿನಾ ಮಾಡಿಸಿದ್ದು ಓದನ್ನಲ್ಲ, ನಮ್ಮ ಮುಖದಲ್ಲಿ ನಿರಾಸೆ ಎಲ್ಲಿ ಏಳುತ್ತದೆಂದು ಹುಡುಕುವುದನ್ನು.

ಮೇಡಂಗೆ ಹೇಳಿದೆ, ಅವರ ಪೆನ್ನು ನಿಂತಿತು, ಕಡ್ಡಿ ಹೇಳಿದ್ದು ನಿಜ, ನಿಂತೇಬಿಟ್ಟಿತು. ಗ್ಯಾರಂಟಿ ಕೊಡೋಕಾಗಲ್ಲಮ್ಮ, ಕೆಲವು ಮಕ್ಕಳಿಗೆ ಬರುತ್ತೆ, ಕೆಲವರಿಗೆ ಇಷ್ಟೇ, ಮೂರನೇ ಸುತ್ತು ಬೇಕೋ ಬೇಡವೋ ಬರೆದು ಕಳಿಸಿ, ಕಾಯ್ತಿರೋ ಮಕ್ಕಳಿದ್ದಾರೆ. ನೀನೇ ಬರಿಯಮ್ಮ, ನಿನ್ನ ಅಕ್ಷರ ದುಂಡಗಿದೆ, ಎಂದಳು ಮಗಳು, ಬೇಡ ಅಂತಲೇ ಬರಿ, ಅವಳನ್ನ ಇನ್ನು ಹಿಂಡೋದು ಬೇಡ. ಚಳಿ ಬಂತು, ಚಳಿ ಹೋಯಿತು, ಬರೆಯಲಿಲ್ಲ, ಬರೆದರೆ ಮುಗಿಯಿತಲ್ಲ. ಬರೆಯಲು ಕೂತರೂ ಬರುವುದಿಲ್ಲ, ರಾತ್ರಿ ಶಾಲೆಯಲ್ಲಿ ನಮಗೆ ಕಲಿಸಿದ್ದು ಒಂದೇ ಕಾಗದ, ರಜಾ ಅರ್ಜಿ, ಮಾನ್ಯರೇ, ನನಗೆ ಜ್ವರ ಬಂದಿರುವುದರಿಂದ, ನನ್ನ ಕೈಗೆ ಆ ದಾರಿ ಬಿದ್ದುಹೋಗಿದೆ, ಏನು ಬರೆಯಹೋದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನಿನ್ನೆ ಮಗಳು ಚಪ್ಪಲಿ ಬಿಡುತ್ತಲೇ ಕೇಳಿದಳು, ಇನ್ನೂ ಕಳಿಸಿಲ್ವೇನಮ್ಮ, ಆ ಕುರ್ಚಿಯಲ್ಲಿ ಇನ್ನೊಂದು ಮಗು ಕೂರಬಹುದಿತ್ತು, ಕೂತು ಕಲೀಬಹುದಿತ್ತು. ಅದಕ್ಕೇ ಬರೆದೆ, ಬಂದ ಹಾಗೆಯೇ ಬರೆದೆ — ಮಾನ್ಯರೇ, ನನ್ನ ಮೊಮ್ಮಗಳು ಬಹಳ ದಣಿದಿರುವುದರಿಂದ ಅವಳಿಗೆ ರಜೆ ಮಂಜೂರು ಮಾಡಬೇಕಾಗಿ ವಿನಂತಿ, ಅವಳ ಜಾಗವನ್ನು ಬೇರೆ ಮಗುವಿಗೆ ಕೊಡಿ. ಎಂದಿನಿಂದ ಎಂದಿನವರೆಗೆ ಎಂದು ಅರ್ಜಿಯಲ್ಲಿ ಇರಬೇಕು, ಎಂದಿನಿಂದ ಎಂಬುದನ್ನು ತುಂಬಿದೆ, ಇನ್ನೊಂದನ್ನು ಹಾಗೇ ಬಿಟ್ಟೆ.

ಸ್ಕರ್ಟು ಹಾಕಿಕೊಂಡಳು, ಹೊರಟೆವು, ಶಾಲೆಯ ತಿರುವಿನಲ್ಲಿ ಅಂಚೆಡಬ್ಬಿ, ಎರಡು ಬಾಯಿ, ಒಂದರ ಮೇಲೆ ಊರೊಳಗೆ, ಇನ್ನೊಂದರ ಮೇಲೆ ಹೊರ ಊರಿಗೆ, ನಾನು ಹಾಕ್ತೀನಿ ಅವ್ವ, ಕೊಡು, ಯಾವ ಊರಿಗೆ? ಇದೇ ಊರಿಗೆ ಕಣೆ, ಓದಿ ಹಾಕು — ಬಾಯಿ ತಪ್ಪಿ ಬಂತು, ಇನ್ನೇಕೆ ಓದು, ನುಂಗಿಕೊಳ್ಳಲು ಆಗಲಿಲ್ಲ. ಕಾಗದ ಹಿಡಿದ ಕೈ ಒಂದು ಬಾಯಿಯ ಹತ್ತಿರ ಹೋಯಿತು, ನಿಂತಿತು, ಇನ್ನೊಂದರ ಹತ್ತಿರ ಬಂತು, ನಾನು ಗದ್ದವನ್ನು ಬಿಗಿಹಿಡಿದೆ, ಹಲ್ಲು ಕಚ್ಚಿದೆ, ಎದುರು ಗೋಡೆಯ ಬಣ್ಣ ನೋಡಿದೆ, ಏನನ್ನೂ ಬಯಸದೆ ನಿಂತೆ, ನಿಂತೆ ಎಂದುಕೊಂಡೆ, ಅವಳಿಗೆ ಏನೋ ಸಿಕ್ಕಿತು, ಎಲ್ಲಿ ಸಿಕ್ಕಿತೋ, ಕಾಗದ ಊರೊಳಗಿನ ಬಾಯಿಗೇ ಬಿತ್ತು. ಸರಿ ಅಲ್ವಾ ಅವ್ವ? ಸರಿ. ಸರಿ ಎಂದ ಮೇಲೂ ಕೈ ಕೆಳಗಿಳಿಯಲಿಲ್ಲ, ಬಿದ್ದದ್ದು ಬಿದ್ದಾಯಿತು, ಕೇಳುವುದಕ್ಕೆ ಇನ್ನೇನೂ ಇಲ್ಲ, ಹೇಳುವುದಕ್ಕೂ, ಆದರೂ ಆ ಎರಡು ಕಣ್ಣು, ರೆಪ್ಪೆ ಬಡಿಯದೆ, ನನ್ನ ಗದ್ದದ ಮೇಲೆ, ಎರಡು ಕಣ್ಣು —