ದಾಳಿಂಬೆ ರಸದ ಆರು ತಿಂಗಳು

ಡಾಕ್ಟರ್ ಮುರಳಿಯ ಪೆನ್ನು ರಿಪೋರ್ಟಿನ ಮೇಲೆ ಒಂದೇ ಕಡೆ ನಿಂತುಬಿಟ್ಟಿತಲ್ಲ, ಕೆಳಗಿಳಿಯುತ್ತಲೇ ಇಲ್ಲ, ರಕ್ತದಲ್ಲಿ ಕಾಯಿಲೆಯ ಏರಿಳಿತ ತೋರಿಸುವ ಪಿಎಸ್‌ಎ ಅನ್ನುವ ಆ ಹಾಳು ಅಂಕಿಯ ಪಕ್ಕವೇ ಇರಬೇಕು — ದೊಡ್ಡಮುನಿಯಪ್ಪನಿಗೆ ಅದು ತಲೆಕೆಳಗಾಗಿ ಕಾಣುತ್ತಿದೆ, ಕಾಣದಿದ್ದರೇ ಚೆನ್ನಾಗಿತ್ತು. ಪಕ್ಕದಲ್ಲಿ ಹೆಂಡತಿ ಆಂಜನಮ್ಮ, ಮಡಿಲಲ್ಲಿ ಸ್ಟೀಲ್ ಫ್ಲಾಸ್ಕು, ಒಳಗೆ ದಾಳಿಂಬೆ ರಸ, ಗರುಡಾಚಾರ್‌ಪಾಳ್ಯದಿಂದ ಜೀವನ್ ಬಿಮಾ ನಗರದವರೆಗೆ ಆಟೋ ಕುಲುಕಿದಾಗಲೆಲ್ಲ ಅದನ್ನು ಕೂಸಿನ ಹಾಗೆ ಎತ್ತಿ ಹಿಡಿದುಕೊಂಡು ಬಂದವಳು, ಗಂಡನ ಪ್ರಾಸ್ಟೇಟ್ ಕ್ಯಾನ್ಸರು ಈ ಕೆಂಪು ರಸಕ್ಕೆ ಹೆದರಿ ಮೂಲೆ ಸೇರಿದೆ ಎಂದು ನಂಬಿದವಳು, ನಂಬಿಸಿದವನು ಯಾರು, ತಾನೇ. ಮೂವತ್ತೆಂಟಿದ್ದ ಅಂಕಿ ನಾಲ್ಕಕ್ಕೆ ಇಳಿದದ್ದು ಸುಳ್ಳಲ್ಲವಲ್ಲ, ಆಗ ಗಂಡು ಹಾರ್ಮೋನು ತಗ್ಗಿಸುವ ಸೂಜಿ ಮೂರು ತಿಂಗಳಿಗೊಂದು ಹೊಟ್ಟೆಗೆ ಬೀಳುತ್ತಿತ್ತು, ದಿನಾ ಬೆಳಿಗ್ಗೆ ಒಂದು ಲೋಟ ರಸವೂ ಇಳಿಯುತ್ತಿತ್ತು, ಯಾವುದರಿಂದ ಇಳಿಯಿತು ಎಂದು ಅಂಕಿಯೇನು ಬಾಯಿಬಿಟ್ಟು ಹೇಳುತ್ತದೆಯೇ — ರಸ ಕುಡೀರಿ, ತಪ್ಪಿಲ್ಲ, ಆದ್ರೆ ಅದು ಕಾಯಿಲೆ ತಡೆಯುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಸೂಜಿ ಮಾತ್ರ ಬಿಡ್ಬೇಡಿ ಎಂದು ಇದೇ ಡಾಕ್ಟರು ಹೇಳಿದ್ದರು, ಹೇಳಲಿ, ಚುಚ್ಚಿಸಿಕೊಂಡವರು ಅವರಲ್ಲವಲ್ಲ, ಮುಟ್ಟು ನಿಂತ ಹೆಂಗಸಿನ ಹಾಗೆ ಕೂತಲ್ಲೇ ಮೈ ಕಾದು ಬೆವರುವುದು, ಎದೆ ಬಾತು ನೋಯುವುದು, ಒಂದು ಕಾಲಕ್ಕೆ ದ್ರಾಕ್ಷಿ ತೋಟ ಆಳಿದ ಗಂಡಸು ಬಾಡಿಗೆಯವರ ಎದುರು ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುವುದು, ನಾಚಿಕೆಗೇಡು.

ಅದಕ್ಕೇ ಸೂಜಿಯ ದಿನ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತೇನೆಂದು ಹೊರಟು ಶಿವಾಜಿನಗರದ ಬಸ್ಸು ಹತ್ತಿದ, ರಸೆಲ್ ಮಾರ್ಕೆಟ್ಟಿನಲ್ಲಿ ಮೂರು ಕಿಲೋ ದಾಳಿಂಬೆ ಆರಿಸಿದ, ಅಲ್ಲೇ ಮೆಡಿಕಲ್ ಅಂಗಡಿಯಲ್ಲಿ ಒಂದು ಪ್ಲಾಸ್ಟರು ಕೊಂಡು ಹೋಟೆಲಿನ ಬಚ್ಚಲಿಗೆ ಹೋಗಿ ಹೊಕ್ಕುಳ ಪಕ್ಕ ಅಂಟಿಸಿಕೊಂಡ, ಕಳ್ಳ, ಮೂರು ತಿಂಗಳ ಮೇಲೆ ಇನ್ನೊಂದು ಸಲ. ಅಂಟಿಸದೆ ವಿಧಿಯಿರಲಿಲ್ಲ, ಶುಕ್ರವಾರ ಶುಕ್ರವಾರ ಉಷ್ಣಕ್ಕೆಂದು ಹೊಕ್ಕುಳಿಗೆ ಹರಳೆಣ್ಣೆ ಇಡುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ, ಬೇಡ ಅಂದರೂ ಬಿಡಳು, ಅಂಗಿ ಮೇಲೆತ್ತಿ ಎಣ್ಣೆಯಲ್ಲಿ ಪ್ಲಾಸ್ಟರು ನೆನೆಸಿ ನೋಯದ ಹಾಗೆ ಕಿತ್ತಳು, ಆಮೇಲೆ ಅವಳ ತೋರುಬೆರಳು ಅಲ್ಲೇ ಒಂದು ಗಳಿಗೆ ನಿಂತಿತು, ಸುತ್ತಿತು, ಮತ್ತೆ ನಿಂತಿತು, ಇವನು ಸೂರು ನೋಡುತ್ತಾ ಮಲಗಿದ್ದ — ಎರಡು ಸೂಜಿನೂ ತಪ್ಪದೆ ಹಾಕಿಸ್ಕೊಂಡ್ರಾ, ಇಲ್ಲಿ ಡಾಕ್ಟರು ಕೇಳುತ್ತಿದ್ದಾರೆ, ಕೇಳಿದ್ದು ಇವನನ್ನು, ಉತ್ತರ ಕೊಟ್ಟದ್ದು ಅವಳು, ಹೂಂ ಸಾರ್, ಎರಡೂ ಹಾಕಿಸ್ಕೊಂಡವ್ರೆ, ಪ್ಲಾಸ್ಟರ್ ಕಿತ್ತಿದ್ದೇ ನಾನು ಎಂದಳು ಆಂಜನಮ್ಮ. ಹಾಗಾದ್ರೆ ಈ ಸೂಜಿ ಇನ್ನು ಕೆಲ್ಸ ಮಾಡ್ತಿಲ್ಲ ಅಂತಾಯ್ತಮ್ಮ, ನಾಲ್ಕಿದ್ದದ್ದು ನಲವತ್ತೊಂದಾಗಿದೆ, ಕೀಮೋಗೆ ಹೋಗ್ಬೇಕಾಗ್ಬಹುದು, ಎಂದು ಡಾಕ್ಟರು ಬರೆಯತೊಡಗಿದರು, ನಲವತ್ತೊಂದು, ರಸ ಕುಡಿದೂ ಕುಡಿದೂ ನಲವತ್ತೊಂದು, ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಮಾಡದ ತಪ್ಪಿಗೆ ಸೂಜಿ ಕೆಟ್ಟ ಹೆಸರು ಹೊರುತ್ತದೆ, ಕೀಮೋ ಮೈಯನ್ನು ಹಿಂಡುತ್ತದೆ, ಇವಳು ಪಕ್ಕದಲ್ಲಿ ಕೂತು ಅದಕ್ಕೂ ರಸ ಹಿಂಡುತ್ತಾಳೆ, ಭಯವಾಗುತ್ತಿದೆ, ಪೆನ್ನು ಎರಡನೆಯ ಸಾಲಿಗೆ ಬಂತು — ಬರೀಬೇಡಿ ಸಾರ್, ನಾನು ಹಾಕಿಸ್ಕೊಂಡೇ ಇಲ್ಲ, ಎರಡೂ. ತನ್ನದೇ ದನಿ. ಡಾಕ್ಟರು ತಲೆಯೆತ್ತಿದರು. ಆಂಜನಮ್ಮ ಇವನತ್ತ ತಿರುಗಲಿಲ್ಲ, ಮೇಜಿಗೆ ಹೇಳುವವಳ ಹಾಗೆ ಮೆಲ್ಲಗೆ ಹೇಳಿದಳು, ಸೂಜಿ ಗಾಯ ಕಾಣ್ಲಿಲ್ಲ ಸಾರ್, ಅವತ್ತೇ ನೋಡ್ದೆ, ರಸ ಕುಡಿದ ಮೈಯಲ್ವಾ, ಬೇಗ ಮಾಯ್ದಿರ್ಬೇಕು ಅಂತ ಖುಷಿಪಟ್ಟೆ — ಖುಷಿ, ಹಾಗಾದರೆ ಆ ಬೆರಳು ನಿಂತದ್ದು ಖುಷಿಗೆ, ಅನುಮಾನಕ್ಕಲ್ಲ, ಎಣ್ಣೆ ಮೆತ್ತಿದ ಬೆರಳು, ಚುಚ್ಚದ ಚರ್ಮದ ಮೇಲೆ, ಸುತ್ತುತ್ತಿದೆ, ನಿಲ್ಲುತ್ತಿದೆ, ಸುತ್ತುತ್ತಿದೆ, ಆ ಬೆರಳು.