ಹೊಳೆಗೆ ಸುರಿದ ಸುಟ್ಟ ಆಯಿಲ್

ಬಸುರಿ ಮೀನಿಗೆ ಬಲೆ ಬೀಸಿದವನನ್ನು ಪಾಪಿಯೆಂದು ಜರೆಯುವ ನೀವು, ಅದೇ ಮೀನಿನ ತೊಟ್ಟಿಲಿಗೆ ವಿಷ ಸುರಿದು ಯಾವ ಮುಖ ಹೊತ್ತು ಕಡಲಿನೆದುರು ಕೈಮುಗಿಯುತ್ತೀರಿ?

ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ, ಬೋಟಿನ ಮುಖ್ಯಸ್ಥನಾದ ತಾಂಡೇಲ ಮಾಸ್ತಿಯನ್ನು ಹೀಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೋಟು ನಡೆಸುವುದರಲ್ಲೂ ಊರಿನ ನ್ಯಾಯ ಹೇಳುವುದರಲ್ಲೂ ಅವನದೇ ಕೊನೆಯ ಮಾತು. ಮಳೆ ಹಿಡಿದ ಮೇಲೆ, ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ಕಾಯಿ ಅರ್ಪಿಸುವ ತನಕ ಬಲೆ ಮುಟ್ಟಬಾರದೆಂಬುದು ಹಿರಿಯರ ಕಟ್ಟು; ಮೀನು ಸಂತಾನ ಬೆಳೆಸುವ ಕಾಲವದು. ಎಂಬತ್ತನಾಲ್ಕನೆಯ ಇಸವಿಯ ಆಷಾಢದಲ್ಲಿ ಅದೇ ಊರಿನ ಮೀನುಗಾರ ಈರ ಆ ಕಟ್ಟು ಮುರಿದ. ಬಾಣಂತಿ ಮಗಳ ಮೀನುಸಾರಿಗೆಂದು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೀಸುಬಲೆ ಎಸೆದು ಸಿಕ್ಕಿಬಿದ್ದ. ಮಾಸ್ತಿ ಅವನ ಬಲೆ ಕಸಿದು, ಹುಣ್ಣಿಮೆಯ ದಿನ ಊರೆದುರು ತಪ್ಪುಕಾಣಿಕೆ ಇಡಬೇಕೆಂದು ತೀರ್ಪು ಕೊಟ್ಟ.

ಈರ ತಲೆ ತಗ್ಗಿಸಿಯೇ ಹೇಳಿದ: "ಆತು, ಮಾಸ್ತಣ್ಣ. ಸಿಕ್ಕಿದ್ದು ಎರಡೇ ಕಾಣೆ ಮೀನು. ಅವೂ ಓಡುವ ಕಸುವಿಲ್ಲದವು."

ಅದು ನೆವವೆಂದು ಮಾಸ್ತಿ ನಕ್ಕ. ಅದೇ ವಾರ, ಹೊಳೆಯಲ್ಲಿ ಕಟ್ಟಿದ್ದ ತನ್ನ ಬೋಟಿನ ಇಂಜಿನ್ ಬಿಚ್ಚಿಸಿ, ಕಪ್ಪಗೆ ಸುಟ್ಟ ಆಯಿಲನ್ನು ಎಂದಿನಂತೆ ನೀರಿಗೆ ಸುರಿಸಿದ. ಸಾಲಾಗಿ ನಿಂತ ಬೋಟಿನವರೆಲ್ಲ ಮಾಡುತ್ತಿದ್ದುದೂ ಅದನ್ನೇ. ಬಲೆ ಒಣಗಿಸಿ ಇಂಜಿನ್ ತೊಳೆಯುವುದು ಮಳೆಗಾಲದ ಕೆಲಸವಲ್ಲವೇ?

ಮಾಸ್ತಿಯ ಮಗಳು ಸುಮತಿ ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮಕ್ಕಳಿಗೆ ತೋರಿಸಲು ಆಗಷ್ಟೇ ಒಡೆದ ಮೀನುಮರಿಗಳನ್ನು ಎರಡು ಬಾಟಲಿಗಳಲ್ಲಿ ತಂದಿದ್ದಳು. ಒಂದರಲ್ಲಿ ಹೊಳೆಯ ಮೇಲ್ಭಾಗದ ನೀರು, ಇನ್ನೊಂದರಲ್ಲಿ ಬೋಟುಗಳ ಮಗ್ಗುಲಿನದು. ತಂದೆಯನ್ನು ಶಾಲೆಗೆ ಕರೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿಸಿದಳು. ಮೊದಲನೆಯ ಮರಿಯ ಗಾಜಿನಂಥ ಮೈಯೊಳಗೆ ಕೆಂಪು ಚುಕ್ಕೆಯೊಂದು ಚುರುಕಾಗಿ ಮಿಡಿಯುತ್ತಿತ್ತು. ಎರಡನೆಯದರ ಎದೆ ನೀರು ತುಂಬಿ ಊದಿಕೊಂಡಿತ್ತು. ಹೃದಯ ಮಿಡಿದು, ತಡೆದು, ಮತ್ತೆ ಹೇಗೋ ಮಿಡಿಯಿತು.

ಸುಟ್ಟ ಎಣ್ಣೆಯಲ್ಲಿರುವ ವಿಷ ಮೊಟ್ಟೆಯೊಳಗೇ ಇಳಿದು ಹೃದಯ ಕೆಡಿಸುತ್ತದೆಂದೂ, ಬದುಕುಳಿದ ಮೀನು ತಿಂದದ್ದನ್ನು ಕಸುವಾಗಿಸಿಕೊಳ್ಳಲಾರದೆ ಸೆಳವಿಗೆ ಸೋಲುತ್ತದೆಂದೂ ಅವಳು ವಿವರಿಸಿದಳು. ಮಾಸ್ತಿಗೆ ಈರನ ಮಾತು ನೆನಪಾಯಿತು.

"ಈರಣ್ಣ ಹಿಡಿದದ್ದು ಎರಡು, ಅಪ್ಪ," ಎಂದಳು ಸುಮತಿ ಮೆಲ್ಲಗೆ. "ನೀನು ಹಿಡಿಯಲಿಲ್ಲ. ಹುಟ್ಟಲಿಕ್ಕೇ ಬಿಡಲಿಲ್ಲ."

ಮಾಸ್ತಿ ಮಗಳ ಮುಖ ನೋಡಲಾರದೆ ಕೊಡೆಯನ್ನೂ ಮರೆತು ಮಳೆಗಿಳಿದ.

ನೂಲ ಹುಣ್ಣಿಮೆ ಬಂತು. ದಂಡೆಯಲ್ಲಿ ಊರೇ ನೆರೆದಿತ್ತು. ಈರ ತಪ್ಪುಕಾಣಿಕೆ ಹಿಡಿದು ಮುಂದೆ ಬಂದಾಗ ಮಾಸ್ತಿ ಅವನನ್ನು ತಡೆದ. ಬಲೆಯನ್ನು ಅವನ ಹೆಗಲಿಗಿಟ್ಟು, ತಾನು ಮಾಡಿದ್ದನ್ನೂ ಕಂಡದ್ದನ್ನೂ ಒಂದೂ ಬಿಡದೆ ಹೇಳಿ, ಕಾಣಿಕೆಯನ್ನು ತಾನೇ ಇಟ್ಟ.

ಈರ ಬಲೆ ತಡವುತ್ತ ಕೇಳಿದ: "ಹಾಗಾದ್ರೆ ನಿನ್ನದೆಂತ ಕಸಿಯುದು, ಮಾಸ್ತಣ್ಣ? ಇಂಜಿನ್ನೋ?"

ಜನ ನಕ್ಕರು. ತಾವೂ ಸುಟ್ಟ ಆಯಿಲ್ ಸುರಿದಿದ್ದ ಕೈಗಳಿಂದಲೇ ನಗುವ ಬಾಯಿ ಮುಚ್ಚಿಕೊಂಡಿದ್ದರು. ಮಾಸ್ತಿ ನಗಲಿಲ್ಲ. ಕಡಲಿಗೆ ಕಾಯಿ ಬಿಡುವ ಹಿರಿತನ ಅವನದು. ಆದರೆ ಅಂದು ಕೈ ಏಳಲಿಲ್ಲ. ಕಾಯಿಯನ್ನು ಈರನ ಕೈಗಿತ್ತು, ಜನರ ಹಿಂದೆ ಹೋಗಿ ನಿಂತ.

ಓದುವವರೇ, ನಿಮ್ಮೂರಲ್ಲೂ ಹೊಳೆಯಿದೆ, ಇಂಜಿನ್ನೂ ಇದೆ. ಸುಟ್ಟ ಆಯಿಲನ್ನು ಡಬ್ಬಿಯಲ್ಲಿ ಹಿಡಿದಿಡಿ. ಒಂದು ಹನಿಯನ್ನೂ ನೀರಿಗೆ ಬಿಡಬೇಡಿ. ಬಿಡುವವನ ಕೈಯನ್ನು ಇಂದೇ ತಡೆಯಿರಿ.