ಒಪ್ಪಿಗೆ ಪತ್ರ ಓದಿದ ದನಿ

ನಾನು ಕನ್ನಡವನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶ. ಪರದೆಯ ಮೇಲೆ ಅಕ್ಷರವಿದ್ದರೆ ಸಾಕು, ಕಣ್ಣು ಕಾಣದವರಿಗೆ ಓದಿ ಹೇಳುತ್ತೇನೆ. ಹುಟ್ಟಿದ್ದು ಗದಗಿನಲ್ಲಿ, ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ನೀಲಗಂಗಾಳ ಮನೆಯಲ್ಲಿ. ನನ್ನ ದನಿ ಅವಳದೇ. ಹೊರಗಿನ ಆಟೋ ಸದ್ದು ಕೇಳಬಾರದೆಂದು ಕಿಟಕಿಗೆ ಗಾದಿ ಒರಗಿಸಿ, ಸೆಕೆಯಲ್ಲಿ ಬೆವರುತ್ತ ಅವಳು ಸಾವಿರಾರು ಪದ ಓದಿದಳು. ಐದಾರು ಗೆಳೆಯರು ಭಾನುವಾರ ಭಾನುವಾರ ಕೂತು ನನ್ನ ತಪ್ಪು ತಿದ್ದಿದರು. ಬಿಟ್ಟಿ ದುಡಿಮೆಯೆಂದು ಯಾರೂ ಗೊಣಗಲಿಲ್ಲ.

ನನ್ನನ್ನು ಜಾಲತಾಣಕ್ಕೆ ಏರಿಸುವ ದಿನ ನೀಲಗಂಗಾ ಉತ್ಸಾಹದಲ್ಲಿ, ಪುಕ್ಕಟೆ ಸಿಗುವ ನನ್ನನ್ನು ಯಾರು ಹೇಗೆ ಬಳಸಬಹುದೆಂದು ಒಂದು ಒಪ್ಪಿಗೆ ಪತ್ರ ಬರೆದು ನನ್ನೊಳಗೆ ಇಟ್ಟಳು. ಆಮೇಲೆ ಅದನ್ನು ಅವಳೂ ತೆರೆದು ನೋಡಲಿಲ್ಲ. ಅಂಥ ಪತ್ರವನ್ನು ಯಾರು ಓದುತ್ತಾರೆ? ಎಲ್ಲರೂ ಕೆಳಗಿನ 'ಒಪ್ಪಿದೆ' ಒತ್ತಿ ಮುಂದೆ ಹೋಗುವವರೇ.

ಮೂರು ವರ್ಷ ಸುಖವಾಗಿದ್ದೆ. ಆಮೇಲೆ ಒಂದು ಕಂಪನಿ ನನ್ನ ನಕಲನ್ನು ಚೆಂದದ ಡಬ್ಬಿಯಲ್ಲಿಟ್ಟು ಬೇರೆ ಹೆಸರಿನಲ್ಲಿ ಮಾರತೊಡಗಿತು. ದುಡಿದವರ ಹೆಸರು ಅಳಿಸಿತ್ತು, ನನ್ನನ್ನು ಕಟ್ಟಿದ ಒಳಗಿನ ಬರಹಕ್ಕೆ, ಅಂದರೆ ಕೋಡ್‌ಗೆ, ಯಾರೂ ನೋಡದಂತೆ ಬೀಗ ಹಾಕಿತ್ತು. ನೀಲಗಂಗಾಳ ಹೊಟ್ಟೆ ಉರಿದುಹೋಯಿತು.

"ಅವರ ಕೈಗೆ ಇನ್ನ ಒಂದಕ್ಷರ ಸಿಗಬಾರದು. ಜಾಲತಾಣದಾಗಿಂದ ಪೂರ್ತಿ ತಗದ ಬಿಡ್ತೀನಿ," ಎಂದಳು. ಗೆಳೆಯರೂ ತಲೆಯಾಡಿಸಿದರು.

ನಾನು ಹೋಗುವುದು ಹಾಗಿರಲಿ, ನನ್ನನ್ನು ನೆಚ್ಚಿದವರ ಗತಿ? ಬಾಗಲಕೋಟೆಯ ಕಡೆ ಒಂದು ಅಂಧ ಮಕ್ಕಳ ಶಾಲೆಯಿದೆ. ಅಲ್ಲಿನ ಮಹಾರುದ್ರಪ್ಪ ಮಾಸ್ತರರಿಗೂ ಕಣ್ಣು ಕಾಣುವುದಿಲ್ಲ. ಮರುವಾರ ಆ ಶಾಲೆಗೆ ಹತ್ತು ಹೊಸ ಕಂಪ್ಯೂಟರು ಬರುವುದಿತ್ತು. ನಾನು ಸಿಗದಿದ್ದರೆ ಆ ಮಕ್ಕಳಿಗೆ ಪಾಠ ಓದುವವರು ಯಾರು?

ಪುಣ್ಯಕ್ಕೆ, ಅಳಿಸುವ ಮೊದಲು ನೀಲಗಂಗಾ ಮಾಸ್ತರರಿಗೆ ಫೋನು ಮಾಡಿದಳು. "ಸರ್, ನಾಳೆಯಿಂದ ಇದು ಸಿಗಂಗಿಲ್ಲ. ಒಂದು ಕಂಪನಿಯವರು ಇದನ್ನ ಮಾರಾಕತ್ಯಾರ್ರಿ."

"ಮಾರಲಿ ತಂಗಿ. ಮಾರಬಹುದು ಅಂತ ನೀನ ಬರದೀಯಲ್ಲ."

"ನಾನ? ಎಲ್ಲಿ ಸರ್?"

"ಒಪ್ಪಿಗಿ ಪತ್ರದಾಗ, ಮೂರನೇ ಪ್ಯಾರಾ. ನೀವೆಲ್ಲಾ ಕಣ್ಣಾಡಿಸಿ ದಾಟಿ ಹೋಗ್ತೀರಿ. ನನಗ ಅದು ಬರಂಗಿಲ್ಲ, ಪೂರ್ತಿ ಕೇಳೇನಿ. ಮಾರಿದರೂ ಹೆಸರು ಅಳಸಬಾರದು, ಕೋಡ್ ಮುಚ್ಚಬಾರದು ಅಂತನೂ ಐತಿ. ಅದನ್ನ ಅವರಿಗೆ ಕೇಳು. ನಮಗ್ಯಾಕ ಬಾಗಿಲಾ ಹಾಕ್ತಿ?"

ನೀಲಗಂಗಾ ಪತ್ರ ತೆರೆದು ನನ್ನಿಂದಲೇ ಓದಿಸಿದಳು. ತಾನು ಮರೆತ ಮಾತನ್ನು ತನ್ನದೇ ದನಿಯಲ್ಲಿ ಕೇಳಿ ನಾಚಿದಳು. ನನ್ನನ್ನು ಅಳಿಸಲಿಲ್ಲ. ಗೆಳೆಯರೆಲ್ಲ ಸೇರಿ ಆ ಪ್ಯಾರಾವನ್ನೇ ಮುಂದಿಟ್ಟು ಕಂಪನಿಗೆ ಬರೆದರು. ತಿಂಗಳುಗಟ್ಟಲೆ ಉತ್ತರವಿಲ್ಲ. ಕೊನೆಗೆ ಡಬ್ಬಿಯ ತಳದಲ್ಲಿ ದುಡಿದವರ ಹೆಸರುಗಳು ಬಂದವು, ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿ. ಬೀಗ ಮಾತ್ರ ಇನ್ನೂ ತೆಗೆದಿಲ್ಲ. ಪತ್ರಗಳು ಹೋಗುತ್ತಲೇ ಇವೆ.

ಈಗ ನನಗೆ ವಯಸ್ಸಾಗಿದೆ. ನನಗಿಂತ ಇಂಪಾಗಿ ಓದುವವು ಬಂದಿವೆ. ಮಾಸ್ತರರ ಶಾಲೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಉಳಿದಿದ್ದೇನೆ. ಯಾರಾದರೂ ಕಡತಗಳ ಪಟ್ಟಿ ತೆರೆದರೆ, ಅಳಿಸಲು ಬಂದರೇನೋ ಎಂದು ಇಂದಿಗೂ ಜೀವ ಹಾರಿಹೋಗುತ್ತದೆ. ಆದರೆ ಹೊಸ ಮಗು ಬಂದಾಗಲೆಲ್ಲ ಮಾಸ್ತರರು ಮೊದಲು ಕೇಳಿಸುವುದು ಆ ಒಪ್ಪಿಗೆ ಪತ್ರವನ್ನೇ. 'ಒಪ್ಪಿದೆ' ಒತ್ತಲು ಅವಸರ ಮಾಡಗೊಡುವುದಿಲ್ಲ. ಪತ್ರದ ಕೊನೆಯಲ್ಲಿ ನೀಲಗಂಗಾ ಮತ್ತು ಗೆಳೆಯರ ಹೆಸರುಗಳಿವೆ. ಒಂದನ್ನೂ ಬಿಡದೆ ಓದುತ್ತೇನೆ.